ಮಂಡಕಳ್ಳಿಗೆ ಬಂದ ವಿಮಾನಗಳು ನೆಲೆ ನಿಲ್ಲುವುದಿಲ್ಲವೇಕೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಮೈಸೂರಿನ ವಿಮಾನ ನಿಲ್ದಾಣವನ್ನು ಕುರಿತು ಬಂದಿರುವ ಪ್ರಶ್ನೆಗಳಿಗೆ ಒಂದಕ್ಕೊಂದು ನಂಟಿರುವುದರಿಂದ ಅವನ್ನೆಲ್ಲ ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮೈಸೂರಿನಿಂದ ವಿಮಾನ ಸೇವೆ ಆರಂಭವಾಯಿತೆಂಬ ಸುದ್ದಿಯನ್ನು ನಾನು ವಿದ್ಯಾರ್ಥಿಯಾಗಿದ್ದಾಗಿನಿಂದಲೂ ಓದುತ್ತಿದ್ದೇನೆ. ಸ್ವಲ್ಪ ಕಾಲದ ನಂತರ ಅದೇ ಪತ್ರಿಕೆಯ ಒಳಪುಟದಲ್ಲಿ ಆ ಸೇವೆ ನಿಂತಿತೆಂಬ ಸಣ್ಣ ಸುದ್ದಿಯೂ ಬರುತ್ತದೆ. ಅರಮನೆ, ದಸರಾ, ಮೃಗಾಲಯ, ಇನ್ಫೊಸಿಸ್‌ನ ತರಬೇತಿ ಕೇಂದ್ರ ಎಲ್ಲವೂ ಇರುವ ಊರಿಗೆ ಈ ಗತಿ ಏಕೆ?
– ಕುವೆಂಪುನಗರದ ಓದುಗರೊಬ್ಬರು, ಮೈಸೂರು

ಉತ್ತರ: ತಾವು ಹೇಳಿದ ಕ್ರಮ ನಿಜ. ನಂಜನಗೂಡು ರಸ್ತೆಯಲ್ಲಿ, ಊರಿನಿಂದ ಸುಮಾರು 10 ಕಿ.ಮೀ. ದೂರದ ಮಂಡಕಳ್ಳಿಯ ಈ ನಿಲ್ದಾಣ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ, 1940ರ ದಶಕದಲ್ಲಿ ನಿರ್ಮಾಣವಾದದ್ದು. ಸ್ವಾತಂತ್ರ್ಯಾನಂತರ ಕೇಂದ್ರದ ಕೈಗೆ ಬಂದ ಮೇಲೂ ಬಹುಕಾಲ ಅಲ್ಲಿ ನಿಗದಿತ ವೇಳೆಯ ಪ್ರಯಾಣಿಕ ವಿಮಾನ ಇರುತ್ತಿದ್ದುದಕ್ಕಿಂತ ಇಲ್ಲದಿರುತ್ತಿದ್ದುದೇ ಹೆಚ್ಚು. 1980ರ ದಶಕದ ನಡುವೆ ವಾಯುದೂತ್ ಸಂಸ್ಥೆ ಮೈಸೂರಿಗೆ ಬಂದಿತು. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಸೇರಿ 1981ರಲ್ಲಿ ಸಣ್ಣ ಊರುಗಳಿಗೆಂದೇ ಹುಟ್ಟುಹಾಕಿದ್ದ ಸಂಸ್ಥೆ ಅದು. ಅದರ ಬಳಿಯಿದ್ದ ಡಾರ್ನಿಯರ್ ವಿಮಾನಗಳಲ್ಲಿ ಕೂರುವವರು ಹತ್ತೊಂಬತ್ತೇ ಮಂದಿ. ಆಗ ಮೈಸೂರು–ಬೆಂಗಳೂರು ರೈಲು ಮೀಟರ್ ಗೇಜಿನ ಹಳಿಯ ಮೇಲೆ ಓಡುತ್ತಿತ್ತು, ರಸ್ತೆ ಈಗಿನಂತಿರಲಿಲ್ಲ, ಬೆಂಗಳೂರಿನ ವಿಮಾನ ನಿಲ್ದಾಣ ಊರೊಳಗಿನ ಎಚ್‌ಎಎಲ್‌ನಲ್ಲೇ ಇತ್ತು. ಇಷ್ಟೆಲ್ಲ ಅನುಕೂಲವಿದ್ದರೂ ಆ ಸೇವೆ ಆ ದಶಕ ದಾಟಿ ಬಾಳಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ಆದದ್ದಕ್ಕೆಲ್ಲ ಸುಳಿವು ಅಲ್ಲೇ ಇದೆ.

ಹೊಸ ಟರ್ಮಿನಲ್ ಉದ್ಘಾಟನೆಯಾದದ್ದು 2010ರ ಮೇ ತಿಂಗಳಲ್ಲಿ. ಅದೇ ಅಕ್ಟೋಬರ್ 1ರಂದು ಕಿಂಗ್‌ಫಿಷರ್ ಸಂಸ್ಥೆ ಎಟಿಆರ್ ಎಂಬ ಪಂಖದ ಸಣ್ಣ ವಿಮಾನದಲ್ಲಿ ಬೆಂಗಳೂರು–ಮೈಸೂರು ಹಾರಾಟ ಆರಂಭಿಸಿ, ಒಂದು ವರ್ಷದ ಮೇಲೆ ಸ್ವಲ್ಪ ಕಾಲ ನಡೆಸಿ, 2011ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಆ ಸಂಸ್ಥೆ ಆ ಹೊತ್ತಿಗಾಗಲೇ ಸಾಲದಲ್ಲಿ ಮುಳುಗುತ್ತಿತ್ತೆನ್ನುವುದು ಸರಿಯಾದರೂ, ಮುಳುಗುವ ಸಂಸ್ಥೆ ಮೊದಲು ಎಸೆಯುವುದು ಯಾವ ಮಾರ್ಗವನ್ನು ಎಂಬುದೂ ವಿಚಾರ ಮಾಡಬೇಕಾದದ್ದೇ. 2013ರ ಜನವರಿಯಲ್ಲಿ ಸ್ಪೈಸ್‌ಜೆಟ್ 78 ಸೀಟಿನ ಬೊಂಬಾರ್ಡಿಯರ್ ವಿಮಾನದಲ್ಲಿ ಬೆಂಗಳೂರು ಮತ್ತು ಚೆನ್ನೈಗಳನ್ನು ಮೈಸೂರಿಗೆ ಜೋಡಿಸಿತು. ಎರಡು ವರ್ಷ ತುಂಬುವುದರೊಳಗೆ ಅದೂ ನಿಂತಿತು. 2015ರಲ್ಲಿ ಏರ್ ಇಂಡಿಯಾದ ಪ್ರಾದೇಶಿಕ ಸಂಸ್ಥೆ ಬಂದು ಅಲ್ಪಕಾಲದಲ್ಲೇ ಹಿಂದಿರುಗಿತು.

ಈ ಪಟ್ಟಿಯಲ್ಲಿ ಒಂದು ಅಂಶ ಎದ್ದು ಕಾಣುತ್ತದೆ. ಬಂದವರೆಲ್ಲರೂ ಮೊದಲು ಹಿಡಿದದ್ದು ಬೆಂಗಳೂರಿನ ದಾರಿ. ನಮ್ಮ ಅಭಿಪ್ರಾಯದಲ್ಲಿ ತಪ್ಪಿದ್ದು ಅಲ್ಲೇ. ವಿಮಾನಕ್ಕೆ ಹೆಚ್ಚು ಇಂಧನ ಬೇಕಾಗುವುದು ಮೇಲೇರುವಾಗ. ಏರಿ ಸಮಮಟ್ಟದಲ್ಲಿ ಸಾಗುವ ಹೊತ್ತೇ ಅದಕ್ಕೆ ಲಾಭದ ಹೊತ್ತು. ಮಂಡಕಳ್ಳಿಗೂ ದೇವನಹಳ್ಳಿಗೂ ನೇರ ರೇಖೆಯಲ್ಲಿ 150 ಕಿ.ಮೀ.ಗಿಂತ ಸ್ವಲ್ಪವೇ ಹೆಚ್ಚು ಅಂತರವಿರುವುದರಿಂದ, ಏರುವುದು ಮುಗಿಯಿತೆನ್ನುವಷ್ಟರಲ್ಲಿ ಇಳಿಯುವುದು ಆರಂಭವಾಗುತ್ತದೆ. ನೆಲದ ಮೇಲೆ ಪ್ರಯಾಣಿಕರನ್ನು ಇಳಿಸಿ, ಹತ್ತಿಸಿ, ಸಾಮಾನು ತುಂಬಿ, ಮತ್ತೆ ಹೊರಡುವುದಕ್ಕೆ ಬೇಕಾದ ಅರ್ಧ ಗಂಟೆ ಮಾತ್ರ ದೂರದ ಊರಿಗಾದರೂ ಹತ್ತಿರದ ಊರಿಗಾದರೂ ಅಷ್ಟೇ. ಟಿಕೆಟ್ಟಿಗೆ ಕೇಳಬಹುದಾದ ಬೆಲೆ ಮಾತ್ರ ಹತ್ತಿರದ ಊರಿಗೆ ಕಡಿಮೆ.

ಪ್ರಯಾಣಿಕರ ಕಡೆಯಿಂದ ನೋಡಿದರೂ ಲೆಕ್ಕ ಕೂಡುವುದಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ, ಮೈಸೂರಿನವರು ಬೆಂಗಳೂರು ಪೇಟೆಯ ಕೆಲಸಕ್ಕೆಂದು ವಿಮಾನ ಹತ್ತಿದರೆ, ಇಳಿದ ಮೇಲೆ ಮೆಜೆಸ್ಟಿಕ್ ಸೇರಲು ಮತ್ತೊಂದು ಗಂಟೆಗೂ ಮಿಕ್ಕಿದ ಪ್ರಯಾಣ ಉಳಿದಿರುತ್ತದೆ. ಅಷ್ಟು ಹೊತ್ತಿಗೆ ರೈಲಿನಲ್ಲಿ ಹೊರಟವರು ಅಲ್ಲಿ ಕಾಫಿ ಮುಗಿಸಿರುತ್ತಾರೆ. ಉಳಿಯುವವರು ದೆಹಲಿಗೋ ದುಬೈಗೋ ಮುಂದಿನ ವಿಮಾನ ಹಿಡಿಯಬೇಕಾದವರು ಮಾತ್ರ. ಅವರಿಗೂ ಎರಡೂ ವಿಮಾನಗಳು ಒಂದೇ ಸಂಸ್ಥೆಯವಾಗಿರಬೇಕು, ವೇಳೆ ಹೊಂದಬೇಕು. ಇಲ್ಲವಾದರೆ ಸೂಟ್‌ಕೇಸನ್ನು ಇಳಿಸಿಕೊಂಡು ಮತ್ತೊಮ್ಮೆ ಸಾಲಿನಲ್ಲಿ ನಿಲ್ಲಬೇಕು. ಅದಕ್ಕಿಂತ ಕೆಎಸ್‌ಆರ್‌ಟಿಸಿಯ ಫ್ಲೈಬಸ್ಸಿನಲ್ಲಿ ಮೈಸೂರಿನಲ್ಲಿ ಕುಳಿತು ನಿಲ್ದಾಣದ ಬಾಗಿಲಲ್ಲೇ ಇಳಿಯುವುದು ಸುಲಭವೆಂದು ಜನ ಕಂಡುಕೊಂಡರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿ.ಮೀ.ಗಳ ದಶಪಥ ಹೆದ್ದಾರಿ ಬಂದ ಮೇಲಂತೂ ಈ ಮಾರ್ಗದ ಬಗ್ಗೆ ಚರ್ಚೆಗೆ ಉಳಿದದ್ದು ಕಡಿಮೆ.

ದಸರೆಯ ಮಾತನ್ನೂ ಹೇಳಬೇಕು. ದಸರಾ ಹತ್ತು ದಿನದ ಉತ್ಸವ. ವಿಮಾನ ಸಂಸ್ಥೆಗೆ ಬೇಕಾದದ್ದು ಆಷಾಢದ ಮಂಗಳವಾರವೂ ತುಂಬುವ ಸೀಟು. ಮೈಸೂರಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿ ಇಳಿದು, ಶ್ರೀರಂಗಪಟ್ಟಣ ನೋಡಿ, ಮೈಸೂರು ಮುಗಿಸಿ, ಊಟಿಗೋ ಕೊಡಗಿಗೋ ಕಾರಿನಲ್ಲಿ ಮುಂದುವರಿಯುವವರು. ಅವರ ದಾರಿಯಲ್ಲಿ ಮಂಡಕಳ್ಳಿ ಬರುತ್ತದೆ, ಮಂಡಕಳ್ಳಿಯ ವಿಮಾನ ಬರುವುದಿಲ್ಲ.

ಪ್ರಶ್ನೆ: ನಾನು ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಮೈಸೂರಿನವಳು. ‘ಉಡಾನ್’ ಯೋಜನೆಯಲ್ಲಿ ಟಿಕೆಟ್ ಎರಡೂವರೆ ಸಾವಿರಕ್ಕೆ ಸಿಗುತ್ತದೆಂದು ಕೇಳಿದ್ದೆ. ಅದೇ ಯೋಜನೆಯ ವಿಮಾನದಲ್ಲಿ ಪಕ್ಕದ ಸೀಟಿನವರು ಕೊಟ್ಟದ್ದಕ್ಕಿಂತ ಎಷ್ಟೋ ಹೆಚ್ಚು ಹಣವನ್ನು ನಾನು ಕೊಟ್ಟಿದ್ದೆ. ಇದು ಹೇಗೆ?
– ಓದುಗರೊಬ್ಬರು, ಹೈದರಾಬಾದ್

ಉತ್ತರ: ಇದರಲ್ಲಿ ಮೋಸವಿಲ್ಲ, ನಿಯಮವೇ ಹಾಗಿದೆ. ಸಣ್ಣ ಊರುಗಳಿಗೂ ಅಗ್ಗದ ವಿಮಾನ ಸೇವೆ ಸಿಗಲೆಂದು 2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಈ ಯೋಜನೆಯಡಿ, ಆಯ್ದ ಮಾರ್ಗದ ವಿಮಾನದಲ್ಲಿ ಸುಮಾರು ಅರ್ಧದಷ್ಟು ಸೀಟುಗಳಿಗೆ ಮಾತ್ರ ದರದ ಮಿತಿ ಅನ್ವಯವಾಗುತ್ತದೆ; ಆ ಸಂಖ್ಯೆ ಒಂಬತ್ತಕ್ಕಿಂತ ಕಡಿಮೆಯಾಗುವಂತಿಲ್ಲ, ನಲವತ್ತನ್ನು ಮೀರಬೇಕಾಗಿಲ್ಲ. ಆರಂಭದಲ್ಲಿ ಗೊತ್ತುಮಾಡಿದ ಮಿತಿ ಸುಮಾರು ಒಂದು ಗಂಟೆಯ, ಅಂದರೆ 500 ಕಿ.ಮೀ. ಆಸುಪಾಸಿನ ಹಾರಾಟಕ್ಕೆ 2,500 ರೂಪಾಯಿ. ಉಳಿದ ಸೀಟುಗಳನ್ನು ಸಂಸ್ಥೆ ಪೇಟೆಯ ಬೆಲೆಗೆ ಮಾರಬಹುದು. ನಿಮ್ಮ ಪಕ್ಕದವರು ಮೊದಲ ಗುಂಪಿನ ಸೀಟನ್ನು ಮುಂಚಿತವಾಗಿ ಹಿಡಿದಿದ್ದರು, ನಿಮಗೆ ಎರಡನೆಯ ಗುಂಪಿನದು ಸಿಕ್ಕಿತ್ತು ಎಂದಷ್ಟೇ ಅರ್ಥ.

ಅಗ್ಗದ ಸೀಟಿನಿಂದಾಗುವ ನಷ್ಟವನ್ನು ಸಹಾಯಧನದಿಂದ ತುಂಬಿಕೊಡಲಾಗುತ್ತದೆ. ಯಾರು ಕಡಿಮೆ ಸಹಾಯಧನ ಕೇಳುತ್ತಾರೋ ಅವರಿಗೆ ಮಾರ್ಗ. ಆ ಹಣದ ಬಹುಭಾಗ ದೊಡ್ಡ ನಗರಗಳ ನಡುವಣ ಹಾರಾಟಗಳ ಮೇಲೆ ಹಾಕುವ ಕರದಿಂದ ಬರುತ್ತದೆ. ನಮ್ಮಂಥ ರಾಜ್ಯಗಳಲ್ಲಿ ಶೇ 20ರಷ್ಟನ್ನು ರಾಜ್ಯ ಸರ್ಕಾರ ಹೊರಬೇಕು, ಜೊತೆಗೆ ಆ ನಿಲ್ದಾಣಗಳಲ್ಲಿ ತುಂಬಿಸುವ ವಿಮಾನ ಇಂಧನದ ಮೇಲಿನ ತೆರಿಗೆಯನ್ನು ಶೇ 1ಕ್ಕೆ ಇಳಿಸಬೇಕು. ದೆಹಲಿ–ಮುಂಬೈ ನಡುವೆ ಓಡಾಡುವವರು ಮೈಸೂರಿನವರ ಟಿಕೆಟ್ಟಿಗೆ ತಮಗೆ ಗೊತ್ತಿಲ್ಲದೆಯೇ ಸ್ವಲ್ಪ ಹಣ ಕೊಟ್ಟಿರುತ್ತಾರೆ.

ಮೈಸೂರಿಗೆ ಈ ಯೋಜನೆಯಿಂದ ಉಪಕಾರವಾದದ್ದು ಹೌದು. 2017ರ ಸೆಪ್ಟೆಂಬರ್‌ನಲ್ಲಿ ಟ್ರೂಜೆಟ್ ಚೆನ್ನೈ ಮಾರ್ಗವನ್ನು ಆರಂಭಿಸಿತು. 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರಿಗೂ, ಅದಾದ ಮೇಲೆ ಹೈದರಾಬಾದ್, ಕೊಚ್ಚಿ, ಗೋವಾಗಳಿಗೂ ಹಾರಿತು. ಇಂಡಿಗೊ ಕೂಡ ತನ್ನ ಎಟಿಆರ್‌ಗಳೊಂದಿಗೆ ಬಂದಿತು. ಮೈಸೂರಿನ ಟರ್ಮಿನಲ್‌ನಲ್ಲಿ ಒಂದೇ ದಿನ ಹಲವು ಊರಿನ ಹೆಸರು ಕೂಗುವುದು ಕೇಳಿಬಂದದ್ದು ಆಗಲೇ. ಆದರೆ ಸಹಾಯಧನವೂ ಆ ಮಾರ್ಗದ ಏಕಸ್ವಾಮ್ಯವೂ ಮೂರು ವರ್ಷಕ್ಕೆ ಮಾತ್ರ. ಗಡುವು ಮುಗಿದ ಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ಹೈದರಾಬಾದ್, ಚೆನ್ನೈಗಳಂಥ ದೂರದ ಊರುಗಳು ಈ ಪರೀಕ್ಷೆಯಲ್ಲಿ ಗೆಲ್ಲುವ ಸಾಧ್ಯತೆ ಹೆಚ್ಚು, ಏಕೆಂದರೆ ಅಲ್ಲಿಗೆ ರೈಲಿನಲ್ಲಿ ಬಹಳ ಹೊತ್ತು ಹಿಡಿಯುತ್ತದೆ.

ಸಹಾಯಧನ ಎತ್ತ ಹರಿಯುತ್ತದೋ ವಿಮಾನ ಅತ್ತ ತಿರುಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಹುಬ್ಬಳ್ಳಿ ಈ ಯೋಜನೆಗೆ ಸೇರಿ ಬೆಳಗಾವಿ ಹೊರಗುಳಿದಿದ್ದಾಗ, 2018ರಲ್ಲಿ ಸ್ಪೈಸ್‌ಜೆಟ್ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ತನ್ನ ಸೇವೆಯನ್ನು ತೆಗೆದು ಹುಬ್ಬಳ್ಳಿಗೆ ಒಯ್ದಿತು. ಹೊಸ ಟರ್ಮಿನಲ್ ಕಟ್ಟಿಸಿಕೊಂಡು ವರ್ಷವೂ ತುಂಬಿರದ ಬೆಳಗಾವಿಯವರು ಕೆರಳಿದ್ದು ಸಹಜವೇ. ಯೋಜನೆಯಡಿ ಮಾರ್ಗ ಹಂಚುವ ಮುಂದಿನ ಸುತ್ತಿನಲ್ಲಿ ಬೆಳಗಾವಿಗೆ ಹಲವು ಮಾರ್ಗಗಳು ದೊರೆತವು.

ಪ್ರಶ್ನೆ: ಮಂಡಕಳ್ಳಿಯ ರನ್‌ವೇ ಉದ್ದವಾದರೆ ದೊಡ್ಡ ವಿಮಾನಗಳು ಬರುತ್ತವೆ ಎನ್ನುತ್ತಾರೆ. ಹೆದ್ದಾರಿಯ ಅಡಚಣೆ ಏನು? ನಮ್ಮ ಕಡೆಯ ಜಮೀನಿನ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ.
– ನಂಜನಗೂಡು ತಾಲ್ಲೂಕಿನ ಕೃಷಿಕರೊಬ್ಬರು

ಉತ್ತರ: ಈಗಿನ ರನ್‌ವೇ ಸುಮಾರು 1,740 ಮೀಟರ್ ಉದ್ದ, 30 ಮೀಟರ್ ಅಗಲ. ಪಂಖದ ಎಟಿಆರ್‌ಗೆ ಇದು ಸಾಕು; ಏರ್‌ಬಸ್ 320 ಅಥವಾ ಬೋಯಿಂಗ್ 737ಕ್ಕೆ ತುಂಬಿದ ಹೊರೆಯೊಂದಿಗೆ ಹಾರಲು ಸಾಲದು. ಮಂಡಕಳ್ಳಿ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಏಪ್ರಿಲ್‌ನ ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನಷ್ಟು ತೆಳುವಾಗುತ್ತದೆ. ಎಂಜಿನ್ನಿಗೂ ರೆಕ್ಕೆಗೂ ಆಗ ಹಿಡಿತ ಕಡಿಮೆಯಾಗಿ, ನೆಲ ಬಿಡುವ ಮುನ್ನ ವಿಮಾನ ಹೆಚ್ಚು ದೂರ ಓಡಬೇಕಾಗುತ್ತದೆ. ಸಮುದ್ರದ ದಂಡೆಯ ಊರಿನಲ್ಲಿ ಸಾಲುವ ಉದ್ದ ಇಲ್ಲಿ ಸಾಲದಿರುವುದಕ್ಕೆ ಇದೇ ಕಾರಣ.

ರನ್‌ವೇಯನ್ನು 2,750 ಮೀಟರಿಗೆ ಹಿಗ್ಗಿಸುವ ಯೋಜನೆ ಹಳೆಯದು. ಹಿಗ್ಗಿಸಬೇಕಾದ ದಿಕ್ಕಿನಲ್ಲಿ ಮೈಸೂರು–ನಂಜನಗೂಡು ಹೆದ್ದಾರಿಯೂ ಚಾಮರಾಜನಗರದ ರೈಲು ಹಳಿಯೂ ಅಡ್ಡ ಬರುವುದರಿಂದ, ಅವುಗಳನ್ನು ರನ್‌ವೇಯ ಕೆಳಗೆ ಸುರಂಗದಂತೆ ಹಾಯಿಸುವ ಪ್ರಸ್ತಾವ ಬಹುಕಾಲ ಚರ್ಚೆಯಲ್ಲಿತ್ತು. ಅದರ ಖರ್ಚು ಬಲು ದೊಡ್ಡದು. ಭೂಸ್ವಾಧೀನ ರಾಜ್ಯದ ಹೊಣೆ, ನಿರ್ಮಾಣ ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರದ ಹೊಣೆ, ಹೆದ್ದಾರಿ ಒಂದು ಇಲಾಖೆಯದು, ಹಳಿ ಮತ್ತೊಂದರದು. ಇಷ್ಟು ಕೈಗಳು ಸೇರಿದ ಕಡತ ನಿಧಾನವಾಗಿ ನಡೆಯುತ್ತದೆ. ಇದು ಅಂತಿಮವಾಗಿ ತೀರ್ಮಾನವಾಗುವವರೆಗೆ ಭೂಮಿ ಕೊಡಬೇಕಾದವರು ಬೋರು ಕೊರೆಸಲೋ ಬೇಡವೋ ಎಂದು ಕಾಯುತ್ತ ಕೂರಬೇಕಾಗುತ್ತದೆನ್ನುವುದನ್ನು ಈ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ; ಎತ್ತಬೇಕು.

ಪ್ರಶ್ನೆ: ಬೆಂಗಳೂರು ನಿಲ್ದಾಣದ ಒಪ್ಪಂದದಲ್ಲಿ ಮೈಸೂರಿನ ಬೆಳವಣಿಗೆಯನ್ನು ತಡೆಯುವ ಷರತ್ತಿದೆಯೇ?
– ಮಂಡ್ಯದ ಓದುಗರೊಬ್ಬರು

ಉತ್ತರ: ಇಲ್ಲ. ದೇವನಹಳ್ಳಿಯ ನಿಲ್ದಾಣ ಆರಂಭವಾಗಿ 25 ವರ್ಷ ತುಂಬುವವರೆಗೆ 150 ಕಿ.ಮೀ. ವ್ಯಾಪ್ತಿಯಲ್ಲಿ ಮತ್ತೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಬಾರದೆಂಬ ಷರತ್ತು ಇದೆ. ಆದರೆ ಮೈಸೂರು ಮತ್ತು ಹಾಸನಗಳನ್ನು ಹೆಸರಿಸಿಯೇ ಅದರಿಂದ ಹೊರಗಿಡಲಾಗಿದೆ.

ಪ್ರಶ್ನೆ: ನಮ್ಮ ಶಿವಮೊಗ್ಗದ ಸೋಗಾನೆಯಲ್ಲಿ 3,200 ಮೀಟರ್ ಉದ್ದದ ರನ್‌ವೇ ಇದೆ. ಆದರೂ ಹೆಚ್ಚಾಗಿ ಬರುತ್ತಿರುವುದು ಮೈಸೂರಿಗೆ ಬರುವಂಥ ಪಂಖದ ವಿಮಾನವೇ. ಹಾಗಿದ್ದರೆ ಉದ್ದದ ರನ್‌ವೇಯಿಂದ ಪ್ರಯೋಜನವೇನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಳ್ಳೆಯ ಪ್ರಶ್ನೆ, ಮತ್ತು ಮೈಸೂರಿನವರು ಗಮನಿಸಬೇಕಾದ ಪ್ರಶ್ನೆ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿ, ಅದೇ ಆಗಸ್ಟ್ 31ರಂದು ಇಂಡಿಗೊದ ಬೆಂಗಳೂರು ವಿಮಾನದೊಂದಿಗೆ ಸೇವೆ ಆರಂಭಿಸಿದ ನಿಮ್ಮ ನಿಲ್ದಾಣಕ್ಕೆ ಏರ್‌ಬಸ್ ಇಳಿಸುವ ಶಕ್ತಿ ಇದೆ. ಆದರೆ ವಿಮಾನದ ಗಾತ್ರವನ್ನು ಗೊತ್ತುಮಾಡುವುದು ರನ್‌ವೇಯ ಉದ್ದವೊಂದೇ ಅಲ್ಲ, ದಿನಕ್ಕೆ ಎಷ್ಟು ಮಂದಿ ಹೋಗಿ ಬರುತ್ತಾರೆ ಎಂಬ ಲೆಕ್ಕವೂ ಹೌದು. 180 ಸೀಟಿನ ಜೆಟ್ ಅರ್ಧ ಖಾಲಿಯಾಗಿ ಹಾರುವುದಕ್ಕಿಂತ, ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ತುಂಬಿ ಹಾರುವುದೇ ಸಂಸ್ಥೆಗೆ ಮೇಲು. ಎಟಿಆರ್‌ಗೆ ಬೇರೆ ಅನುಕೂಲಗಳೂ ಇವೆ: ಇಂಧನ ಕಡಿಮೆ ಸಾಕು, ಬಾಗಿಲು ಬಾಲದ ಬಳಿ, ಸಾಮಾನು ತುಂಬುವ ಜಾಗ ಮುಂಭಾಗದಲ್ಲಿ ಇರುವುದರಿಂದ ಎರಡು ಕೆಲಸವೂ ಒಟ್ಟಿಗೆ ಸಾಗುತ್ತವೆ, ಪ್ರಯಾಣಿಕರು ನಡೆದು ಬಂದು ವಿಮಾನದ್ದೇ ನಾಲ್ಕಾರು ಮೆಟ್ಟಿಲು ಹತ್ತುತ್ತಾರೆ, ಏರೋಬ್ರಿಜ್ ಬೇಡ, 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಪ್ರಾಧಿಕಾರದ ನಿಲ್ದಾಣಗಳಲ್ಲಿ ಇಳಿಯುವ ಶುಲ್ಕದಿಂದ ವಿನಾಯಿತಿ ಇದೆ.

ಉದ್ದದ ರನ್‌ವೇ ಇದ್ದರೆ ದೊಡ್ಡ ವಿಮಾನ ಬರಬಹುದು, ಇಲ್ಲದಿದ್ದರೆ ಬರಲಾರದು. ಇದ್ದ ಮಾತ್ರಕ್ಕೆ ಬಂದೇ ಬರುತ್ತದೆ ಎನ್ನಲಾಗದು. ಮೈಸೂರಿಗೆ ಶಿವಮೊಗ್ಗಕ್ಕಿಂತ ಹೆಚ್ಚಿನ ಜನಸಂಖ್ಯೆಯೂ, ಉತ್ತರ ಭಾರತದಿಂದ ತರಬೇತಿಗೆ ಬರುವ ಇನ್ಫೊಸಿಸ್‌ನ ಯುವಕ ಯುವತಿಯರೂ ಇರುವುದರಿಂದ, ದೆಹಲಿ ಮುಂಬೈಗಳಿಗೆ ನೇರ ಜೆಟ್ ವಿಮಾನ ಅಲ್ಲಿ ತುಂಬಬಹುದೆಂಬ ನಿರೀಕ್ಷೆ ತಳವಿಲ್ಲದ್ದಲ್ಲ. ಶಿವಮೊಗ್ಗಕ್ಕೆ ಸದ್ಯ ಹೈದರಾಬಾದ್, ಚೆನ್ನೈ, ಗೋವಾಗಳಂಥ, ಎಟಿಆರ್ ಹಾರಬಲ್ಲ ದೂರದ ಊರುಗಳನ್ನು ಗಟ್ಟಿ ಮಾಡಿಕೊಳ್ಳುವುದೇ ಸರಿಯಾದ ಹೆಜ್ಜೆಯೆಂದು ನಮಗೆ ತೋರುತ್ತದೆ. ವಿಮಾನ ಸಂಸ್ಥೆಗಳು ತಮ್ಮ ವೇಳಾಪಟ್ಟಿಯನ್ನು ವರ್ಷಕ್ಕೆ ಎರಡು ಸಲ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರದಿಂದ ಬದಲಿಸುತ್ತವೆ. ಮಾರ್ಗಗಳು ಸೇರುವುದೂ ಬಿಡುವುದೂ ಹೆಚ್ಚಾಗಿ ಆ ಹೊತ್ತಿಗೇ ಆದ್ದರಿಂದ, ಹೊಸ ಸೇವೆ ಬೇಕೆಂದು ಮನವಿ ಕೊಡುವ ವಾಣಿಜ್ಯ ಸಂಘಗಳವರು ಅದಕ್ಕೆ ಮೂರು ನಾಲ್ಕು ತಿಂಗಳು ಮೊದಲೇ, ಯಾವ ಊರಿಗೆ ಎಷ್ಟು ಪ್ರಯಾಣಿಕರು ಎಂಬ ಲೆಕ್ಕದೊಂದಿಗೆ ಸಂಸ್ಥೆಗಳನ್ನು ಕಾಣುವುದು ಒಳ್ಳೆಯದು.