ಹೊಸದಾಗಿ ತಂದ ಬೆಕ್ಕಿನ ಮರಿ ಹಗಲೆಲ್ಲ ಅಡಗಿಕೊಳ್ಳುತ್ತದೆ, ರಾತ್ರಿ ಮಲಗಲು ಬಿಡುವುದಿಲ್ಲ. ಹಿಂದಿರುಗಿಸಬೇಕೇ?

ಎರಡು ತಿಂಗಳ ಮರಿಯನ್ನು ಮನೆಗೆ ತಂದು ಇನ್ನೂ ಒಂದು ವಾರವಾಗಿಲ್ಲ, ಹಗಲೆಲ್ಲ ಅದು ಮಂಚದ ಕೆಳಗೆ ಸೇರಿಕೊಂಡಿರುತ್ತದೆ, ರಾತ್ರಿಯಾದರೆ ಕೂಗುತ್ತ ಓಡಾಡುತ್ತದೆ, ಎತ್ತಿಕೊಳ್ಳಲು ಹೋದ ಮಕ್ಕಳ ಕೈ ಕಚ್ಚುತ್ತದೆ, ಹಿರಿಯರು ಅದನ್ನು ಹಿಂದಿರುಗಿಸಿ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಇದರಲ್ಲಿ ಮರಿಯ ಸ್ವಭಾವದ ದೋಷ ಎನ್ನುವಂಥದ್ದು ನನಗೆ ಒಂದೂ ಕಾಣಲಿಲ್ಲ. ನಮ್ಮ ಮನೆಯಲ್ಲಿಯೂ ಮೂರು ತಲೆಮಾರಿನವರು ಒಟ್ಟಿಗೆ ಇದ್ದೇವೆ, ಬೆಕ್ಕುಗಳು ಒಂದರ ನಂತರ ಒಂದು ಬೆಳೆದಿವೆ. ಮರಿಯನ್ನು ಪಳಗಿಸುವುದು ಅಷ್ಟೇನೂ ಕಷ್ಟವಲ್ಲ. ಮನೆಯವರೆಲ್ಲರೂ ಅದರೊಂದಿಗೆ ಒಂದೇ ರೀತಿಯಲ್ಲಿ ನಡೆದುಕೊಳ್ಳುವಂತೆ ಮಾಡುವುದು ಕಷ್ಟ. ಆದ್ದರಿಂದ ನನ್ನ ಉತ್ತರದ ಬಹುಭಾಗ ಮರಿಗಿಂತ ಹೆಚ್ಚಾಗಿ ಮನೆಯವರನ್ನು ಕುರಿತದ್ದೇ ಆಗಿದೆ.

ಮೊದಲು ಅಡಗಿಕೊಳ್ಳುವ ವಿಚಾರ. ತಾಯಿಯ ಮೈವಾಸನೆ, ಒಡಹುಟ್ಟಿದ ಮರಿಗಳ ಬಿಸುಪು, ಗುರುತಿನ ಮೂಲೆಗಳು ಎಲ್ಲವೂ ಒಂದೇ ದಿನದಲ್ಲಿ ಇಲ್ಲವಾದಾಗ, ಯಾವುದೇ ಮರಿ ಮೊದಲು ಹುಡುಕುವುದು ಮೈ ತೂರಿಸಲು ಒಂದು ಸಂದಿಯನ್ನು. ಇಡೀ ಮನೆಯನ್ನು ಒಮ್ಮೆಲೇ ಅದಕ್ಕೆ ಬಿಟ್ಟುಕೊಟ್ಟರೆ ಅದು ಉಪಕಾರವಾಗುವುದಿಲ್ಲ. ಜನಸಂಚಾರ ಕಡಿಮೆಯಿರುವ ಒಂದೇ ಕೋಣೆಯಲ್ಲಿ ಆಹಾರ, ನೀರು, ಲಿಟರ್ ಟ್ರೇ (ಮಲಮೂತ್ರಕ್ಕೆಂದು ಲಿಟರ್ ಎಂಬ ಮರಳಿನಂಥ ಪುಡಿಯನ್ನು ತುಂಬಿದ ತಟ್ಟೆ) ಮತ್ತು ಮಗ್ಗುಲಿಗೆ ಮಲಗಿಸಿದ ಒಂದು ರಟ್ಟಿನ ಪೆಟ್ಟಿಗೆಯನ್ನು ಇಡಿ. ಮಂಚದ ಕೆಳಗಿನ ಜಾಗವನ್ನು ಮುಚ್ಚಬಹುದು, ಆದರೆ ಅದಕ್ಕೂ ಮೊದಲು ಅಡಗಲು ಈ ಪೆಟ್ಟಿಗೆ ಸಿದ್ಧವಿರಬೇಕು. ಅಲ್ಲಿಂದ ಅದನ್ನು ಯಾರೂ ಕೈಹಾಕಿ ಎಳೆಯಬಾರದು. ದಿನಕ್ಕೆ ಕೆಲವು ಬಾರಿ ಒಬ್ಬರು ಒಳಗೆ ಹೋಗಿ, ನೆಲದ ಮೇಲೆ ಕುಳಿತು, ಪುಸ್ತಕವನ್ನೋ ಮೊಬೈಲನ್ನೋ ನೋಡುತ್ತ ಸುಮ್ಮನಿದ್ದರೆ ಸಾಕು. ಮರಿ ನಿಮ್ಮತ್ತ ನೋಡಿದಾಗ ಕಣ್ಣುಗಳನ್ನು ನಿಧಾನವಾಗಿ ಅರೆಮುಚ್ಚಿ ತೆರೆಯಿರಿ. ಇದು ಬೆಕ್ಕು ಸಾಕುವವರ ಬರಿಯ ನಂಬಿಕೆಯಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕಣ್ಣು ಮಿಟುಕಿಸಿದ ಅಪರಿಚಿತರ ಕೈಯ ಬಳಿಗೂ ಬೆಕ್ಕುಗಳು ಹೆಚ್ಚಾಗಿ ಬಂದದ್ದು ಕಂಡುಬಂದಿದೆ.

ಬೆಕ್ಕಿನ ಮರಿಗಳು ಮನುಷ್ಯರ ಒಡನಾಟವನ್ನು ಅತ್ಯಂತ ಸುಲಭವಾಗಿ ಒಪ್ಪಿಕೊಳ್ಳುವ ಕಾಲವೆಂದರೆ ಹುಟ್ಟಿದ ಎರಡನೆಯ ವಾರದಿಂದ ಸುಮಾರು ಏಳನೆಯ ವಾರದವರೆಗೆ. ನಿಮ್ಮ ಮರಿ ಆ ಅವಧಿಯಲ್ಲಿ ಎಲ್ಲಿತ್ತು, ಜನರ ಕೈಯಲ್ಲಿ ಆಡಿತ್ತೇ ಅಥವಾ ಯಾವುದೋ ಮೂಲೆಯಲ್ಲಿ ತಾಯಿಯೊಂದಿಗೆ ಮಾತ್ರ ಇತ್ತೇ ಎಂಬುದನ್ನು ಕೊಟ್ಟವರಲ್ಲಿ ವಿಚಾರಿಸಿ. ಜನರ ಬಳಕೆಯಿಲ್ಲದೆ ಬೆಳೆದ ಮರಿಯೂ ಹೊಂದಿಕೊಳ್ಳುತ್ತದೆ. ಅದಕ್ಕೆ ಕೆಲವು ದಿನಗಳ ಬದಲು ಕೆಲವು ವಾರಗಳು ಬೇಕಾಗಬಹುದು.

ಇನ್ನು ಮಕ್ಕಳ ವಿಷಯ. ಇದರಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಮಾತನಾಡುತ್ತೇನೆ. ಮರಿಯು ದಿನದಲ್ಲಿ ಹದಿನಾರರಿಂದ ಇಪ್ಪತ್ತು ಗಂಟೆಗಳ ಕಾಲ ನಿದ್ದೆ ಮಾಡುತ್ತದೆ, ಅದರ ಬೆಳವಣಿಗೆಗೆ ಆ ನಿದ್ದೆ ಅಗತ್ಯ. ಮಲಗಿದ ಮರಿಯನ್ನು ಎಬ್ಬಿಸಿ ಎತ್ತಿಕೊಳ್ಳುವುದನ್ನು ಮನೆಯಲ್ಲಿ ಪೂರ್ಣವಾಗಿ ನಿಷೇಧಿಸಿ. ಎಚ್ಚರವಿರುವಾಗಲೂ ಮಕ್ಕಳು ನೆಲದ ಮೇಲೆ ಕುಳಿತಿರಬೇಕು, ಮರಿಯೇ ಹತ್ತಿರ ಬರಬೇಕು, ಹತ್ತಿರದಲ್ಲಿ ದೊಡ್ಡವರೊಬ್ಬರು ಇರಬೇಕು. ಎತ್ತುವುದಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಗಾಲುಗಳ ಕೆಳಗೆ ಆಧಾರವಾಗಿರಬೇಕು. ತಾಯಿ ಬೆಕ್ಕು ಕತ್ತಿನ ಚರ್ಮ ಕಚ್ಚಿ ಒಯ್ಯುತ್ತದೆಂದು ನಾವೂ ಹಾಗೆ ಹಿಡಿದೆತ್ತುವುದು ಸರಿಯಲ್ಲ. ಕಚ್ಚುವುದಕ್ಕೆ ಕಾರಣ ಬಹುಮಟ್ಟಿಗೆ ನಮ್ಮ ಬೆರಳುಗಳೇ. ಮರಿಯ ಮುಂದೆ ಬೆರಳಾಡಿಸಿ ಅದು ಹಾರಿ ಹಿಡಿದಾಗ ನಗುವವರು ಪ್ರತಿ ಮನೆಯಲ್ಲಿಯೂ ಇರುತ್ತಾರೆ, ಮತ್ತು ಅವರು ಸಾಮಾನ್ಯವಾಗಿ ಮಕ್ಕಳಲ್ಲ. ಕೈ ಆಟದ ವಸ್ತುವೆಂದು ಒಬ್ಬರು ಕಲಿಸಿದರೆ, ಅಲ್ಲವೆಂದು ಉಳಿದವರೆಲ್ಲ ಹೇಳಿಯೂ ಪ್ರಯೋಜನವಿಲ್ಲ. ಕೋಲಿನ ತುದಿಗೆ ಗರಿಯನ್ನೋ ಬಟ್ಟೆಯ ತುಂಡನ್ನೋ ಕಟ್ಟಿ ಅದರಿಂದಲೇ ಆಡಿಸಿ. ಕಚ್ಚಿದರೆ ಹೊಡೆಯದೆ, ಕೂಗಾಡದೆ, ಕೈಯನ್ನು ಜಗ್ಗದೆ, ಆಟವನ್ನು ಅಲ್ಲಿಗೇ ನಿಲ್ಲಿಸಿ ಎದ್ದುಹೋಗಿ. ಮೂರು ತಿಂಗಳು ಕಳೆದ ಮೇಲೆ ಹಾಲುಹಲ್ಲುಗಳು ಬೀಳತೊಡಗಿ ಆರು ತಿಂಗಳ ಹೊತ್ತಿಗೆ ಮೂವತ್ತು ಶಾಶ್ವತ ಹಲ್ಲುಗಳು ಬರುತ್ತವೆ. ಆ ಅವಧಿಯಲ್ಲಿ ಕಚ್ಚುವ ಚಟ ಮತ್ತೊಮ್ಮೆ ಹೆಚ್ಚಾದರೆ ಗಾಬರಿಯಾಗಬೇಡಿ.

ರಾತ್ರಿಯ ಕೂಗಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಮೊದಲ ಕೆಲವು ರಾತ್ರಿಗಳ ಕೂಗು ಒಂಟಿತನದ್ದು. ಅದಕ್ಕೆ ಯಾರಾದರೊಬ್ಬರು ಅದೇ ಕೋಣೆಯಲ್ಲಿ ಮಲಗುವುದು, ತಾಯಿಯ ವಾಸನೆಯಿರುವ ಬಟ್ಟೆ ಸಿಕ್ಕಿದರೆ ತಂದು ಪೆಟ್ಟಿಗೆಯಲ್ಲಿ ಹಾಸುವುದು ನೆರವಾಗುತ್ತದೆ. ಓಡಾಟ ಮಾತ್ರ ಬೆಕ್ಕಿನ ಜಾತಿಗೇ ಸೇರಿದ್ದು. ಬೆಕ್ಕು ಮುಂಜಾವಿನ ಮತ್ತು ಮುಸ್ಸಂಜೆಯ ಮಬ್ಬುಬೆಳಕಿನಲ್ಲಿ ಹೆಚ್ಚು ಚಟುವಟಿಕೆಯಿಂದಿರುವ ಬೇಟೆಗಾರ ಪ್ರಾಣಿ. ಬೇಟೆಯಾಡಿ, ತಿಂದು, ಮೈ ನೆಕ್ಕಿಕೊಂಡು, ಮಲಗುವುದು ಅದರ ಕ್ರಮ. ಈ ಕ್ರಮವನ್ನೇ ನೀವು ಬಳಸಿಕೊಳ್ಳಬಹುದು: ನೀವು ಮಲಗುವುದಕ್ಕೆ ಸ್ವಲ್ಪ ಮೊದಲು ಮರಿಗೆ ದಣಿಯುವಷ್ಟು ಆಟವಾಡಿಸಿ, ಕೂಡಲೇ ದಿನದ ಕೊನೆಯ ಊಟವನ್ನು ಕೊಡಿ. ನಮ್ಮಲ್ಲಿ ಇದು ಫಲಿಸುತ್ತದೆ. ಆದರೆ ಬೆಳಗಿನ ಜಾವ ಅದು ಕೂಗಿದಾಗ ಕನಿಕರದಿಂದ ಎದ್ದು ತಟ್ಟೆಗೆ ಏನಾದರೂ ಹಾಕುವವರು ಮನೆಯಲ್ಲಿ ಒಬ್ಬರಿದ್ದರೂ, ಮರಿ ಅವರನ್ನು ಬಹಳ ಬೇಗ ಗುರುತಿಸಿಕೊಳ್ಳುತ್ತದೆ, ಅನಂತರ ದಿನವೂ ಅದೇ ಹೊತ್ತಿಗೆ ಎಬ್ಬಿಸುತ್ತದೆ.

ಆಹಾರದ ಬಗ್ಗೆ ನೀವು ಕೇಳಿಲ್ಲ, ಆದರೂ ಹಿರಿಯರಿರುವ ಮನೆಯೆಂದ ಮೇಲೆ ಹಾಲಿನ ಮಾತನ್ನು ಎತ್ತಲೇಬೇಕು. ತಾಯಿಯ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಶಕ್ತಿ ಮರಿಗಳಲ್ಲಿ ಕಡಿಮೆಯಾಗುತ್ತ ಹೋಗುವುದರಿಂದ ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿಯನ್ನು ತರುತ್ತದೆ, ಅಷ್ಟು ಸಣ್ಣ ದೇಹಕ್ಕೆ ಭೇದಿ ಸಣ್ಣ ಕಾಯಿಲೆಯಲ್ಲ. ಮರಿಗಳಿಗೆಂದೇ ತಯಾರಿಸಿದ ಆಹಾರವನ್ನು ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಿ. ನಾಯಿಯ ಆಹಾರ ಬೇಡ. ಬೆಕ್ಕಿಗೆ ಆಹಾರದಿಂದಲೇ ದೊರೆಯಬೇಕಾದ ಟಾರಿನ್ ಎಂಬ ಅಂಶ ಅದರಲ್ಲಿ ಸಾಕಷ್ಟು ಇರುವುದಿಲ್ಲ, ಅದರ ಕೊರತೆಯಿಂದ ಕಣ್ಣು ಮತ್ತು ಹೃದಯಕ್ಕೆ ಹಾನಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಯಾವ ಪದಾರ್ಥವನ್ನೂ ಹಾಕಬೇಡಿ. ತಟ್ಟೆಗೆ ಹಾಕುವ ಹೊಣೆ ಒಬ್ಬರದೇ ಆಗಿದ್ದರೆ ಮರಿ ತಿಂದಿತೇ ಇಲ್ಲವೇ ಎಂಬುದೂ ತಿಳಿಯುತ್ತದೆ. ಹಿಂದಿರುಗಿಸಿ ಎನ್ನುತ್ತಿರುವ ಹಿರಿಯರಿಗೇ ಈ ಕೆಲಸವನ್ನು ಒಪ್ಪಿಸಿ ನೋಡಿ. ಊಟ ಕೊಡುವವರ ಬಳಿಗೆ ಮರಿ ಮೊದಲು ಬರುತ್ತದೆ, ಬಂದ ಮೇಲೆ ಅವರ ಮಾತಿನ ಧಾಟಿ ಬದಲಾಗುವುದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ.

ಲಿಟರ್ ಟ್ರೇ ಊಟದ ತಟ್ಟೆಯಿಂದ ದೂರವಿರಲಿ, ಅದರ ಅಂಚು ಮರಿ ಹತ್ತುವಷ್ಟು ತಗ್ಗಾಗಿರಲಿ. ಉಂಡೆಗಟ್ಟುವ ಬಗೆಯ ಲಿಟರನ್ನು ಚಿಕ್ಕ ಮರಿಗಳು ನುಂಗುವ ಅಪಾಯವಿರುವುದರಿಂದ ಸದ್ಯಕ್ಕೆ ಬೇರೆ ಬಗೆಯದು ಒಳ್ಳೆಯದು. ಮಲವನ್ನು ಪ್ರತಿದಿನವೂ ತೆಗೆಯಬೇಕು. ಮನೆಯಲ್ಲಿ ಗರ್ಭಿಣಿಯರಿದ್ದರೆ, ಬೆಕ್ಕಿನ ಮಲದಿಂದ ಹರಡಿ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲ ಟಾಕ್ಸೋಪ್ಲಾಸ್ಮಾ ಸೋಂಕಿನ ಕಾರಣಕ್ಕೆ ಆ ಕೆಲಸವನ್ನು ಬೇರೆಯವರು ಮಾಡಬೇಕು.

ಮನೆಯೊಳಗಿನ ಅಪಾಯಗಳಲ್ಲಿ ಜನರು ಅತ್ಯಂತ ಹಗುರವಾಗಿ ಕಾಣುವುದು ದಾರವನ್ನು. ಹೊಲಿಗೆಯ ದಾರ, ರಿಬ್ಬನ್, ಕೂದಲಿನ ರಬ್ಬರ್ ಬ್ಯಾಂಡ್‌ಗಳನ್ನು ನುಂಗಿದರೆ ಕರುಳು ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬಾಯಿಯಿಂದಲೋ ಹಿಂಭಾಗದಿಂದಲೋ ದಾರದ ತುದಿ ಕಂಡರೆ ಎಳೆಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಲಿಲ್ಲಿ ಹೂವಿನ ಗಿಡ ಮನೆಯಲ್ಲಿರಲೇಬಾರದು, ಮೈಗೆ ಅಂಟಿದ ಅದರ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡಗಳು ಕೆಡುತ್ತವೆ. ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆಯೂ, ಪರ್ಮೆಥ್ರಿನ್ ಇರುವ ನಾಯಿಯ ಚಿಗಟದ ಔಷಧವೂ ಬೆಕ್ಕಿಗೆ ಮಾರಕ, ಏಕೆಂದರೆ ಇವುಗಳನ್ನು ಒಡೆದು ಹೊರಹಾಕುವ ಸಾಮರ್ಥ್ಯ ಅದರ ಯಕೃತ್ತಿಗೆ ಬಹಳ ಕಡಿಮೆ. ವಾಷಿಂಗ್ ಮಷೀನ್ ಹಾಕುವ ಮೊದಲು ಒಳಗೆ ಒಮ್ಮೆ ನೋಡುವ ಅಭ್ಯಾಸವನ್ನು ಎಲ್ಲರೂ ಮಾಡಿಕೊಳ್ಳಲಿ.

ಇನ್ನೂ ಹೋಗಿಲ್ಲದಿದ್ದರೆ ಈ ವಾರವೇ ಪಶುವೈದ್ಯರನ್ನು ಕಾಣಿರಿ. ಮೂಲ ಲಸಿಕೆಗಳು ಆರರಿಂದ ಎಂಟು ವಾರದ ಪ್ರಾಯದಲ್ಲಿ ಆರಂಭವಾಗಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರನೆಯ ವಾರದವರೆಗೆ ಮುಂದುವರಿಯುತ್ತವೆ. ರೇಬಿಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳು ತುಂಬಿದ ಮೇಲೆ. ಜಂತುಹುಳುವಿನ ಔಷಧವನ್ನು ತೂಕ ನೋಡಿ ಅವರೇ ನಿರ್ಧರಿಸುತ್ತಾರೆ. ಮಕ್ಕಳಿಗೆ ಹಲ್ಲು ತಾಗಿ ಗಾಯವಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಿ. ಮರಿ ಚಿಕ್ಕದೆಂದು ಉಪೇಕ್ಷೆ ಮಾಡಬೇಡಿ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಗರ್ಭ ಧರಿಸಬಲ್ಲದಾದ್ದರಿಂದ ಸಂತಾನಹರಣ ಚಿಕಿತ್ಸೆಯ ದಿನವನ್ನೂ ಈಗಲೇ ಕೇಳಿಕೊಂಡು ಬನ್ನಿ.

ಹಿಂದಿರುಗಿಸುವ ನಿರ್ಧಾರವನ್ನು, ಮೇಲೆ ಹೇಳಿದಂತೆ ಎಲ್ಲರೂ ಕೆಲವು ವಾರ ನಡೆದು ನೋಡುವವರೆಗೆ ಮುಂದೂಡಿ. ಮನೆಯಲ್ಲಿ ಯಾರಿಗಾದರೂ ಬೆಕ್ಕಿನಿಂದ ಉಸಿರಾಟದ ತೊಂದರೆ ಶುರುವಾಗಿದ್ದರೆ ಮಾತ್ರ ಮಾತು ಬೇರೆ, ಆಗ ವೈದ್ಯರ ಸಲಹೆಯನ್ನು ಪಡೆದು ತೀರ್ಮಾನಿಸಬೇಕಾಗುತ್ತದೆ. ಅಡಗಿಕೊಂಡೇ ಇದ್ದರೂ ರಾತ್ರಿಯಲ್ಲಿ ತಟ್ಟೆ ಖಾಲಿಯಾಗುತ್ತಿದ್ದು ಟ್ರೇ ಬಳಕೆಯಾಗುತ್ತಿದ್ದರೆ ಕಾಯಬಹುದು. ಇಷ್ಟು ಚಿಕ್ಕ ಮರಿ ಅರ್ಧ ದಿನಕ್ಕಿಂತ ಹೆಚ್ಚು ಕಾಲ ಏನನ್ನೂ ಮುಟ್ಟದಿದ್ದರೆ, ವಾಂತಿಯೋ ಭೇದಿಯೋ ನಿಲ್ಲದಿದ್ದರೆ, ಆಟಕ್ಕೆ ಕರೆದರೂ ಏಳದೆ ಮುದುಡಿಕೊಂಡೇ ಇದ್ದರೆ, ಅದನ್ನು ಹೆದರಿಕೆ ಎಂದುಕೊಳ್ಳದೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.