ಖಗೋಳ ಲೈಬ್ರರಿ ಬರೆಯೋದಾದರೆ ಮೊದಲು ಸಮಯ ಸರಿಮಾಡಿಕೊಳ್ಳಿ

ಗ್ರಹ, ನಕ್ಷತ್ರಗಳ ಸ್ಥಾನ ಲೆಕ್ಕ ಹಾಕುವ ಪೈಥಾನ್ ಲೈಬ್ರರಿ ಬರೆಯಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಸಮಯದಿಂದ ಶುರು ಮಾಡಿ. ಜಾಸ್ತಿ ಜನ ಕೈಹಾಕುವುದು ಕಕ್ಷೆಯ ಸೂತ್ರಗಳಿಗೆ. ಆದರೆ ಉತ್ತರ ತಪ್ಪುವುದು ಹೆಚ್ಚಾಗಿ ಗಡಿಯಾರದಲ್ಲಿ.

ನಮ್ಮ ಕಂಪ್ಯೂಟರ್ ಗಡಿಯಾರ ನಡೆಯುವುದು ಯುಟಿಸಿ ಎಂಬ ಜಾಗತಿಕ ಸಮಯದ ಆಧಾರದಲ್ಲಿ. ಗ್ರಹಗಳ ಲೆಕ್ಕ ನಡೆಯುವುದು ಟಿಟಿ (ಭೂಮಿಗೆ ಹೊಂದಿಸಿದ ಏಕರೂಪದ ಸಮಯ) ಅಥವಾ ಟಿಡಿಬಿ (ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ಹೊಂದಿಸಿದ ಸಮಯ) ಎಂಬ ಬೇರೆ ಕಾಲಮಾನದಲ್ಲಿ. 2017ರಿಂದ ಯುಟಿಸಿಗೂ ಟಿಟಿಗೂ ಇರುವ ಅಂತರ 69.184 ಸೆಕೆಂಡ್. ಇಷ್ಟೇ ತಾನೇ ಅನ್ನಿಸಬಹುದು. ಆದರೆ ಭೂಮಿ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ತಿರುಗುತ್ತೆ ಅಲ್ವಾ? ಎರಡು ಕಾಲಮಾನ ಅದಲುಬದಲಾದರೆ ನಕ್ಷತ್ರ ಸುಮಾರು 17 ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ ಒಂದು ಆರ್ಕ್‌ಮಿನಿಟ್) ಆಚೆ ಹೋಗಿ ಕೂರಬಹುದು. ಅದು ಹುಣ್ಣಿಮೆ ಚಂದ್ರನ ಅಗಲದ ಅರ್ಧಕ್ಕಿಂತ ಜಾಸ್ತಿ! ಟೆಲಿಸ್ಕೋಪಿನಲ್ಲಿ ನೋಡಿದರೆ ನೀವು ಹುಡುಕುತ್ತಿರುವ ನಕ್ಷತ್ರವೇ ಕಾಣದೆ ಹೋಗಬಹುದು.

ಇನ್ನೊಂದು ಸೂಕ್ಷ್ಮ ಇದೆ. ದಿನಾಂಕವನ್ನು ಜೂಲಿಯನ್ ದಿನವಾಗಿ (ಬಹು ಹಿಂದಿನ ಒಂದು ದಿನದಿಂದ ಎಣಿಸುತ್ತಾ ಬಂದ ದಿನಗಳ ಸಂಖ್ಯೆ) ಒಂದೇ ಫ್ಲೋಟ್‌ನಲ್ಲಿ, ಅಂದರೆ ಒಂದೇ ದಶಮಾಂಶ ಸಂಖ್ಯೆಯಲ್ಲಿ, ಇಡಬೇಡಿ. ಈಗ ಆ ಸಂಖ್ಯೆ 24 ಲಕ್ಷ ದಾಟಿದೆ. 64 ಬಿಟ್‌ಗಳಲ್ಲಿ ಅದಕ್ಕೇ ಏಳು ಅಂಕಿ ಹೋದರೆ, ಉಳಿದ ಜಾಗದಲ್ಲಿ ಸುಮಾರು 40 ಮೈಕ್ರೋಸೆಕೆಂಡಿಗಿಂತ ಚಿಕ್ಕ ಅಂತರ ಹಿಡಿಯುವುದಿಲ್ಲ. ಗ್ರಹಣಕ್ಕೆ ಇದು ಧಾರಾಳ ಸಾಕು. ಪಲ್ಸಾರ್ ಎಂಬ ಲಯಬದ್ಧವಾಗಿ ಮಿಡಿಯುವ ನಕ್ಷತ್ರಗಳ ಮಿಡಿತ ಅಳೆಯುವವರಿಗೆ ಮಾತ್ರ ಏನೇನೂ ಸಾಲದು. 2011ರಲ್ಲಿ ಶುರುವಾದ ಆಸ್ಟ್ರೋಪೈ ಎಂಬ ಪೈಥಾನ್ ಖಗೋಳ ಲೈಬ್ರರಿ ಇದಕ್ಕಾಗಿಯೇ ಒಂದು ಸಮಯವನ್ನು ಎರಡು ಫ್ಲೋಟ್‌ಗಳಲ್ಲಿ ಹಂಚಿ ಇಡುತ್ತದೆ. ಅದರ ಟೈಮ್ ಮಾಡ್ಯೂಲಿನ ಕೋಡನ್ನು ನಿಧಾನವಾಗಿ ಕೂತು ಓದಿ. ಅಷ್ಟು ಚೆನ್ನಾಗಿದೆ.

ಪ್ರಿಸೆಶನ್ (ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದು), ನ್ಯೂಟೇಶನ್ (ಆ ಅಕ್ಷದ ಸಣ್ಣ ಓಲಾಟ) ಸೂತ್ರಗಳನ್ನು ದಯವಿಟ್ಟು ಕೈಯಾರೆ ಟೈಪ್ ಮಾಡಲು ಹೋಗಬೇಡಿ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ (ಐಎಯು) 2000ಎ ನ್ಯೂಟೇಶನ್ ಸೂತ್ರ ಒಂದರಲ್ಲೇ ಕೂಡಬೇಕಾದ 1365 ಗಣಿತದ ಪದಗಳಿವೆ (ಟರ್ಮ್‌ಗಳು). ಎರ್ಫಾ ಎಂಬ ಸಿ ಲೈಬ್ರರಿಯಲ್ಲಿ ಎಲ್ಲ ಸಿದ್ಧವಾಗಿದೆ, ಮುಕ್ತವಾಗಿ ಸಿಗುತ್ತದೆ, ಆಸ್ಟ್ರೋಪೈ ಕೂಡ ಅದನ್ನೇ ನೆಚ್ಚಿಕೊಂಡಿದೆ. ನಿಮ್ಮ ಶ್ರಮವನ್ನು ಬಳಸುವವರಿಗೆ ಸುಲಭವಾಗುವಂಥ ಫಂಕ್ಷನ್‌ಗಳಿಗೆ ಹಾಕಿ.

ಲೀಪ್ ಸೆಕೆಂಡ್ (ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ ಸೇರಿಸುವ ಸೆಕೆಂಡ್) ಪಟ್ಟಿಯನ್ನು ಕೋಡಿನೊಳಗೆ ಕೂರಿಸಬೇಡಿ, ಹೊರಗಿನ ಫೈಲಿನಿಂದ ಓದಿಸಿ. ಹೊಸದು ಬಂದರೆ ಫೈಲ್ ಬದಲಿಸಿದರಾಯಿತು.

ಟೆಸ್ಟ್‌ಗಳನ್ನು ಮೊದಲ ದಿನದಿಂದಲೇ ಬರೆಯಿರಿ. ನಾಸಾದ ಜೆಪಿಎಲ್ ಪ್ರಯೋಗಾಲಯ ನಡೆಸುವ ಹೊರೈಜನ್ಸ್ ಎಂಬ ಆನ್‌ಲೈನ್ ಸೇವೆಯಿಂದ ಗ್ರಹಗಳ ಸ್ಥಾನ ತೆಗೆದುಕೊಂಡು ನಿಮ್ಮ ಉತ್ತರದ ಪಕ್ಕ ಇಟ್ಟು ನೋಡಿ. ಸುಮ್ನೆ ಯಾವುದೋ ದಿನಾಂಕ ಸಾಲದು. 2016ರ ಡಿಸೆಂಬರ್ 31ರ 23:59:60 ಕೊಟ್ಟು ನೋಡಿ, ಲೀಪ್ ಸೆಕೆಂಡಾಗಿ ಆ ಸೆಕೆಂಡ್ ನಿಜಕ್ಕೂ ಇತ್ತು. 359.9 ಮತ್ತು 0.1 ಡಿಗ್ರಿಯ ಸರಾಸರಿ ಕೇಳಿ. ಸರಿ ಉತ್ತರ 0. 180 ಅಂತ ಬಂದರೆ, ಬೇರೆ ಕೆಲಸ ಬಿಟ್ಟು ಮೊದಲು ಅದನ್ನು ಸರಿಮಾಡಿ.