ಬಿಸಿನೀರು ಸರಿಯಾಗಿಯೇ ಬರುತ್ತಿರುವಾಗ ಗೀಸರ್‌ಗೆ ವರ್ಷವರ್ಷವೂ ಸರ್ವಿಸ್ ಬೇಕೇ?

ಬೇಕು. ಅದರಲ್ಲೂ ಹಾಸನದಂಥ ಕಡೆ ಕೊಳವೆಬಾವಿಯ ಗಡಸು ನೀರನ್ನೇ ನಂಬಿದವರಿಗೆ ಖಂಡಿತ ಬೇಕು.

ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೇರ್ಪಟ್ಟು, ನೀರು ಕಾಯಿಸುವ ಕಾಯಿಲ್ ಮೇಲೆ ಸುಣ್ಣದಂತೆ ಕೂರುತ್ತದೆ. ಆ ಪೊರೆ ಶಾಖವನ್ನು ತಡೆಯುತ್ತದೆ. ನೀರು ಕಾಯುವುದು ನಿಧಾನವಾಗುತ್ತದೆ, ಕರೆಂಟ್ ಬಿಲ್ ಏರುತ್ತದೆ, ಒಂದು ದಿನ ಕಾಯಿಲ್ ಸುಟ್ಟುಹೋಗುತ್ತದೆ. ಹಂಡೆಯೊಳಗೆ ಕಟ್ಟುತ್ತಿದ್ದ ಬಿಳಿ ಪೊರೆಯನ್ನು ಅಜ್ಜಿ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರಲ್ಲ, ಇದೂ ಅದೇ. ಹುಳಿಗೆ ಸುಣ್ಣ ಕರಗುತ್ತದೆ. ಸರ್ವಿಸ್‌ನವರ ದ್ರಾವಣದ ಗುಟ್ಟೂ ಅಷ್ಟೇ.

ಆರು ವರ್ಷ ಮುಟ್ಟದೆ ಬಿಟ್ಟಿದ್ದ ನಮ್ಮ ಗೀಸರನ್ನು ಬಿಚ್ಚಿಸಿದಾಗ ಅರ್ಧ ಬಕೆಟ್ ಚಕ್ಕೆ ಉದುರಿತು. ಕಾಯಿಲ್ ಹಳೆಯ ಗೋಡೆಯ ಗಾರೆಯಂತಿತ್ತು. ಪಕ್ಕದ ಮೆಗ್ನೀಸಿಯಂ ಆನೋಡ್ ಸರಳು ಸವೆದು ಬರೀ ತಂತಿ ಉಳಿದಿತ್ತು. ಟ್ಯಾಂಕಿನ ಬದಲು ತಾನು ಸವೆಯುವುದೇ ಆ ಸರಳಿನ ಕೆಲಸ. ಅದು ಮುಗಿದರೆ ತುಕ್ಕು ಟ್ಯಾಂಕಿಗೇ ಹತ್ತುತ್ತದೆ. ಕೇಳದಿದ್ದರೆ ಎಷ್ಟೋ ಮೆಕ್ಯಾನಿಕ್‌ಗಳು ಅದರತ್ತ ನೋಡುವುದೇ ಇಲ್ಲ, ನೀವೇ ನಿಂತು ನೋಡಿಸಿ.

ಹಣಕ್ಕಿಂತ ದೊಡ್ಡ ವಿಷಯ ಪ್ರಾಣದ್ದು. ಬಿಸಿ ಮಿತಿಮೀರದಂತೆ ತಡೆಯುವ ಥರ್ಮೋಸ್ಟಾಟ್ ಕೆಟ್ಟು, ಒತ್ತಡ ಬಿಡುವ ವಾಲ್ವ್ ಕೂಡ ಕಟ್ಟಿಕೊಂಡಿದ್ದರೆ ಟ್ಯಾಂಕು ಸಿಡಿಯಬಹುದು. ಅರ್ಥಿಂಗ್ ಕೂಡ ಪರೀಕ್ಷಿಸಲು ಹೇಳಿ. ನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದರೆ ಸರ್ವಿಸ್ ದಿನಕ್ಕಾಗಿ ಕಾಯಬೇಡಿ, ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ ಕರೆಸಿ.

ನಾನು ಮೇ ತಿಂಗಳಲ್ಲೇ ಮಾಡಿಸುತ್ತೇನೆ. ಮಳೆ ಹಿಡಿದ ಮೇಲೆ ಎಲ್ಲರಿಗೂ ಗೀಸರ್ ನೆನಪಾಗುತ್ತದೆ, ಮೆಕ್ಯಾನಿಕ್ ಮಾತ್ರ ಸಿಗುವುದಿಲ್ಲ.